ಒಂದು ತೋಳಿನ ಭಾರ

ಪತ್ರದ ಮಾತನ್ನು ಇವತ್ತಾದರೂ ಎತ್ತಲೇಬೇಕು ಎಂದುಕೊಂಡೇ ಅವನು ಹಾಸಿಗೆಯಿಂದ ಎದ್ದಿದ್ದ. ನಿನ್ನೆಯೂ ಹಾಗೆಯೇ ಎದ್ದಿದ್ದ, ಮೊನ್ನೆಯೂ. ಹಲ್ಲುಜ್ಜುವಾಗ ವಾಕ್ಯ ಸಿದ್ಧವಾಗಿರುತ್ತಿತ್ತು: ಮೇಡಂ, ಕಾಲೇಜಿಗೆ ಕಳಿಸೋಕೆ ನಿಮ್ಮದೊಂದು ಶಿಫಾರಸು ಪತ್ರ ಬೇಕಿತ್ತು. ಬಸ್ಸಿನಲ್ಲಿ ಕೂತಾಗ ಅದಕ್ಕೊಂದು 'ದಯವಿಟ್ಟು' ಸೇರಿಕೊಳ್ಳುತ್ತಿತ್ತು, ಇಳಿಯುವಾಗ 'ನಿಮಗೆ ಬಿಡುವಿದ್ದರೆ' ಸೇರಿಕೊಳ್ಳುತ್ತಿತ್ತು, ಫಿಸಿಯೋಥೆರಪಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಷ್ಟರಲ್ಲಿ ಇಷ್ಟುದ್ದದ ವಾಕ್ಯವನ್ನು ಬೆಳಿಗ್ಗೆ ಬೆಳಿಗ್ಗೆ ಇನ್ನೊಬ್ಬರ ತಲೆಯ ಮೇಲೆ ಹೇರುವುದು ಸರಿಯೇ ಅನ್ನಿಸಿ, ಬಾಯಿಗೆ ಬರುವ ಮೊದಲೇ ಅದು ಸವೆದುಹೋಗುತ್ತಿತ್ತು. ಕಾಲೇಜು ಕೇಳಿದ ಉಳಿದದ್ದೆಲ್ಲ ಕೂಡಿಬಂದಿತ್ತು. ಅಲ್ಲಿನ ಫಿಸಿಯೋಥೆರಪಿ ತರಗತಿಗೆ ಸೇರಬೇಕೆಂದರೆ ವಿಜ್ಞಾನದ ಪದವಿ ಬೇಕು, ಇತ್ತು. ಆದರೆ ಹತ್ತು ವರ್ಷಕ್ಕಿಂತ ಹಳೆಯ ಅಂಕಗಳು ನಡೆಯುವುದಿಲ್ಲ; ಶರೀರರಚನೆ, ಶರೀರಕ್ರಿಯೆಗಳನ್ನು ಇನ್ನೊಮ್ಮೆ ಓದಿ ಪಾಸು ಮಾಡಿಕೊಂಡು ಬರಬೇಕು. "ಮೂಳೆಗಳೇನಾದ್ರೂ ಬದಲಾಗಿದ್ಯಾ ಸಾರ್?" ಎಂದು ಅವನು ಪ್ರವೇಶ ವಿಭಾಗದ ಗುಮಾಸ್ತನನ್ನು ಕೇಳಿದ್ದ. ತಮಾಷೆಗೆಂದು ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದ. ಗುಮಾಸ್ತ ಕನ್ನಡಕದ ಮೇಲಿಂದ ಅವನನ್ನೊಮ್ಮೆ ಅಳೆದು, "ಮೂಳೆ ಅವೇ. ನೀವು ಬದಲಾಗಿರ್ತೀರಲ್ಲ" ಎಂದಿದ್ದ. ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕಿದ್ದರು.

ಹಾಗೆ ಸಂಜೆ ಕಾಲೇಜಿಗೆ ಸೇರಿದ್ದಾಯಿತು. ನಲವತ್ತರ ಹತ್ತಿರ ಬಂದವನು ಅಲ್ಲಿ ಎಲ್ಲರಿಗೂ ಅಂಕಲ್. ಅಂಕಲ್ ಪೆನ್ ಇದ್ಯಾ, ಅಂಕಲ್ ಸ್ವಲ್ಪ ಆ ಕಡೆ ಸರೀತೀರಾ. ಮೂಳೆ ಗುರುತಿಸುವ ತರಗತಿಯಲ್ಲಿ ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಬೆನ್ನಿನ ಮೇಲೆ ಒಬ್ಬರು ಹೆಗಲೆಲುಬಿನ ಅಂಚನ್ನು ಹುಡುಕಬೇಕಾಗಿತ್ತು. ಜೋಡಿಗಳಾಗುತ್ತ ಆಗುತ್ತ ಕೊನೆಗೆ ಅವನೊಬ್ಬ ಉಳಿದ. ಮೇಷ್ಟರು ಸುತ್ತಲೂ ನೋಡಿ, "ನೀವು ಅಸ್ಥಿಪಂಜರದ ಜೊತೆ ಮಾಡ್ಬಿಡಿ" ಎಂದರು. ಅವನಿಗೆ ಅದರಿಂದ ಬೇಸರವಾಯಿತು ಎಂದಲ್ಲ. ಪ್ಲಾಸ್ಟಿಕ್ಕಿನ ಆ ಹೆಗಲ ಮೇಲೆ ಬೆರಳಿಟ್ಟಾಗ ತಣ್ಣಗೆ, ನಯವಾಗಿ, ಪುಸ್ತಕದಲ್ಲಿದ್ದಂತೆಯೇ ಎಲ್ಲವೂ ಸಿಕ್ಕಿತು. ಸುತ್ತ ಹುಡುಗ ಹುಡುಗಿಯರು ಕಚಗುಳಿಯಾಗಿ ಕಿರುಚುತ್ತಿದ್ದರು. ಆ ವರ್ಷ ಶರೀರರಚನೆಯಲ್ಲಿ ತರಗತಿಗೇ ಅವನದು ಹೆಚ್ಚಿನ ಅಂಕ.

"ಇವತ್ತೂ ಕೇಳ್ದೇನೇ ತಾನೆ ಬರ್ತೀಯ ನೀನು?" ಎಂದಿದ್ದಳು ಅಕ್ಕ, ತಟ್ಟೆ ಮುಂದಿಡುತ್ತ. ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಅವನ ವಾಸ. ತಿಂಡಿ ಕೆಳಗೆ.

"ಕೇಳ್ತೀನಿ."

"ಕೇಳ್ತೀನಿ ಅಂತ ಮುಖ ನೋಡು, ಯಾರದೋ ಸಾಮಾನು ಕದ್ದೋನ ಹಾಗೆ. ಎಲ್ರೂ ಈ ವಯಸ್ಸಿಗೆ ಮಕ್ಕಳನ್ನ ಕಾಲೇಜಿಗೆ ಸೇರಿಸ್ತಾರೆ. ನಮ್ಮನೇಲಿ ಮಕ್ಕಳ ಮಾಮನೇ ಹೊರಟಿದಾನೆ ಬ್ಯಾಗ್ ಹಾಕ್ಕೊಂಡು."

"ಸೀಟು ಸಿಕ್ಕಿದ್ರೆ ತಾನೆ."

"ಸಿಗ್ದೇ ಏನು. ಕಾಲೇಜಿನೋರಿಗೂ ಒಂದಿಷ್ಟು ನಗು ಬೇಡ್ವಾ?" ಎಂದು ನಕ್ಕು, ನಕ್ಕದ್ದು ಹೆಚ್ಚಾಯಿತೇನೋ ಎಂದು ಅವನ ತಟ್ಟೆಗೆ ಕೇಳದೆಯೇ ಇನ್ನೊಂದಷ್ಟು ಬಡಿಸಿದ್ದಳು. ಒಳಗಿನಿಂದ ಅಕ್ಕನ ಚಿಕ್ಕ ಮಗಳು, "ಉಸಿರುಮಾಮ, ಬರ್ತಾ ಪೆನ್ಸಿಲ್ ತಾ" ಎಂದು ಕೂಗಿದ್ದಳು. ಆ ಹೆಸರು ಅವನಿಗೆ ಬಂದದ್ದು ಅವನ ಕೆಲಸದಿಂದ. ಹುಡುಗಿ ಒಮ್ಮೆ ಆಸ್ಪತ್ರೆಗೆ ಬಂದು, ಮಾಮ ಗಾಜಿನ ಆಚೆ ನಿಂತು ಮೈಕಿನಲ್ಲಿ ಹೇಳುವುದನ್ನು ಕೇಳಿಸಿಕೊಂಡು ಹೋಗಿದ್ದಳು: ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಎಕ್ಸ್‌ರೇ ಕೋಣೆಯಲ್ಲಿ ಅವನು ದಿನವಿಡೀ ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಒಳಗೆ ಬಂದವರ ಗಲ್ಲ ಎತ್ತಬೇಕು, ಭುಜವನ್ನು ತಿರುಗಿಸಿ ಹಲಗೆಗೆ ಒತ್ತಿಸಬೇಕು, ಮಂಡಿಯ ಕೆಳಗೆ ಮರಳಿನ ಚೀಲ ಇಡಬೇಕು, ಅಲ್ಲಾಡಬೇಡಿ ಎನ್ನಬೇಕು, ತಕ್ಷಣ ಹಿಂದಕ್ಕೆ ಸರಿದು ಕಿರಣ ತಡೆಯುವ ಸೀಸದ ಗಾಜಿನ ಆಚೆಗೆ ಹೋಗಬೇಕು. ಸೇರಿದ ಹೊಸತರಲ್ಲಿ ಹಿರಿಯ ತಂತ್ರಜ್ಞ ಕಲಿಸಿದ ಮೊದಲ ಪಾಠವೇ ಅದು: ಇಟ್ಟ ಮೇಲೆ ನಿಲ್ಲಬೇಡ, ನಿಂತಷ್ಟೂ ನಿನಗೇ ಕೆಡುಕು. ಅಷ್ಟು ವರ್ಷ ಕಳೆದ ಮೇಲೆ ಅದನ್ನು ನೆನಪಿಡಬೇಕಾಗಿಯೇ ಇರಲಿಲ್ಲ. ಕೈ ಬಿಡುತ್ತಿದ್ದಂತೆ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ವಾಕ್ಯಕ್ಕೆ 'ದಯವಿಟ್ಟು' ಸೇರಿಸಿದ. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಮಣಿಕಟ್ಟು ನೀವಿಕೊಳ್ಳುತ್ತಿದ್ದಳು, ಸುಮ್ಮನೆ ತುರಿಕೆ ಇದ್ದೀತು. ಅವನ ಕಣ್ಣು ಅಲ್ಲೇ ನಿಂತಿತು. ಅವಳು ಬಂದ ದಿನವೂ ಬಳೆಗಳನ್ನು ಹೀಗೇ ಸರಿಸಿಕೊಂಡಿದ್ದಳು. ಅವಳು, ಎಂದರೆ ಹಿಂದೆ ಅವನ ಹೆಂಡತಿಯಾಗಿದ್ದವಳು. ಬಿಟ್ಟು ಹೋಗಿ ಬೇರೆ ಮದುವೆಯಾಗಿ ಎಷ್ಟೋ ಕಾಲವಾದ ಮೇಲೆ, ಒಂದು ಮಧ್ಯಾಹ್ನ ಚೀಟಿ ಹಿಡಿದುಕೊಂಡು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೆಟ್ಟಿಲಲ್ಲಿ ಜಾರಿ ಕೈ ಊರಿ ಬಿದ್ದಿದ್ದಳಂತೆ. ಅವನನ್ನು ನೋಡಿ ಅವಳು ವಾಪಸು ಹೋಗಿಬಿಡಬಹುದು ಎಂದುಕೊಂಡ, ಹೋಗಲಿಲ್ಲ. "ಬನ್ನಿ, ಕೂತ್ಕೊಳ್ಳಿ" ಎಂದ. ಅವಳ ಕೈಯನ್ನು ಎತ್ತಿ ಎಕ್ಸ್‌ರೇ ತಟ್ಟೆಯ ಮೇಲಿಟ್ಟ, ಬೆರಳುಗಳನ್ನು ಬಿಡಿಸಿದ, ಹೆಬ್ಬೆರಳನ್ನು ತುಸು ಹೊರಳಿಸಿದ. ಅವಳು ತುಟಿ ಕಚ್ಚಿಕೊಂಡಿದ್ದಳು. "ಅಲ್ಲಾಡಬೇಡಿ" ಎಂದು ಬಹುವಚನದಲ್ಲೇ ಹೇಳಿ ಗಾಜಿನ ಆಚೆಗೆ ಹೋದ. ಮಣಿಕಟ್ಟಿನ ಮೂಳೆ ಸೀಳಿತ್ತು, ಕೂದಲೆಳೆಯಷ್ಟು ತೆಳ್ಳಗೆ. ಸಂಸಾರ ಮಾಡಿದ ಅಷ್ಟೂ ಕಾಲದಲ್ಲಿ ಅವನು ಅವಳನ್ನು ಇಷ್ಟು ಒಳಗಿನವರೆಗೆ ನೋಡಿರಲಿಲ್ಲ. ಚಿತ್ರವನ್ನು ಲಕೋಟೆಗೆ ಹಾಕಿ ಕೊಟ್ಟ. ಅವಳು "ಥ್ಯಾಂಕ್ಸ್" ಎಂದಳು. ಬಾಗಿಲ ತನಕ ಹೋದವಳು ತಿರುಗಿ, ಏನೋ ಹೇಳುವವಳಂತೆ ನಿಂತು, "ನೀವಿನ್ನೂ ಇಲ್ಲೇ ಇದೀರಾ" ಎಂದಷ್ಟೇ ಹೇಳಿ ಹೋದಳು. ಹಿಂದೆ, ಜಗಳದ ದಿನಗಳಲ್ಲಿ, ಅವಳು ಕೂಗಿ ಜಗಳವಾಡುತ್ತಿರಲಿಲ್ಲ. "ಹತ್ತಿರ ಬಂದ ಹಾಗೆ ಮಾಡಿ ಹೋಗ್ಬಿಡ್ತೀಯ ನೀನು" ಎನ್ನುತ್ತಿದ್ದಳು, ಅಷ್ಟೇ. ಎಲ್ಲಿಗೆ ಹೋದೆ, ಮನೆಯಲ್ಲೇ ಇದ್ದೇನಲ್ಲ ಎಂದು ಅವನು ಆಗ ನಿಜವಾಗಿಯೂ ಕಕ್ಕಾಬಿಕ್ಕಿಯಾಗುತ್ತಿದ್ದ.

ಅವಳು ಹೋದ ಮೇಲೆ ಆ ಸೀಳು ಅವನ ತಲೆಯಿಂದ ಹೋಗಲಿಲ್ಲ. ಕೂಡಿತೋ ಇಲ್ಲವೋ. ಕೂಡಿದ್ದರೆ ನೆಟ್ಟಗೆ ಕೂಡಿತೋ, ಸೊಟ್ಟಗೋ. ಈಗ ಬಿಂದಿಗೆ ಎತ್ತುತ್ತಾಳೋ. ಆಗಲೇ ಅವನಿಗೆ ಹೊಳೆದದ್ದು, ತಾನು ಇಷ್ಟು ವರ್ಷಗಳಲ್ಲಿ ನೋಡಿದ್ದು ಹೆಚ್ಚಾಗಿ ಮುರಿದದ್ದನ್ನೇ. ಕೂಡಿದ ಕೈ ಮತ್ತೆ ಕೆಲಸ ಮಾಡುವುದನ್ನು ತೋರಿಸಲು ಯಾರೂ ಅವನ ಹತ್ತಿರ ವಾಪಸು ಬರುವುದಿಲ್ಲ. ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ 'ಈ ವೃತ್ತಿಯನ್ನೇ ಏಕೆ ಆರಿಸಿಕೊಂಡಿರಿ' ಎಂದು ಕೇಳಿದ್ದರು. ಇದನ್ನು ಬರೆಯಲು ಹೋಗಿ, ಹೊಡೆದುಹಾಕಿ, ಜನಸೇವೆಯ ಬಗ್ಗೆ ಎಲ್ಲರೂ ಬರೆಯುವಂಥದ್ದನ್ನೇ ಬರೆದಿದ್ದ.

ಕ್ಲಿನಿಕ್ಕು ಒಂದು ಉದ್ದನೆಯ ಹಜಾರ. ಒಂದು ಗೋಡೆಗೆ ಪೂರ್ತಿ ಕನ್ನಡಿ. ನಡೆಯಲು ಕಲಿಯುವವರು ತಮ್ಮನ್ನು ತಾವೇ ನೋಡಿಕೊಳ್ಳಲೆಂದು. ಅದರ ಮುಂದೆ ಎರಡು ಕಬ್ಬಿಣದ ಕಂಬಿಗಳು, ಆಚೆ ನೀಲಿ ರೆಕ್ಸಿನ್ನಿನ ಎತ್ತರದ ಮಂಚಗಳು, ಸೂರಿನಿಂದ ಇಳಿಬಿಟ್ಟ ರಾಟೆಯ ಹಗ್ಗಗಳು, ಮೂಲೆಯಲ್ಲಿ ಅವನ ಸ್ಟೂಲು. ಪ್ರವೇಶದ ನಿಯಮದ ಪ್ರಕಾರ ಅಭ್ಯರ್ಥಿಯು ಒಬ್ಬ ಫಿಸಿಯೋಥೆರಪಿಸ್ಟರ ಕೈಕೆಳಗೆ ಇಷ್ಟು ಗಂಟೆ ಎಂದು ಕೂತು, ನಡೆಯುವ ಕೆಲಸವನ್ನು ಗಮನಿಸಬೇಕು. ಮೊದಲ ದಿನವೇ ಇಲ್ಲಿನ ಫಿಸಿಯೋಥೆರಪಿಸ್ಟ್ ಮೇಡಂ ಹೇಳಿಬಿಟ್ಟಿದ್ದರು: ರೋಗಿಗಳನ್ನು ಮುಟ್ಟುವಂತಿಲ್ಲ, ಕೇಳಿದರೆ ಮಾತ್ರ ಮಾತು, ದಾರಿಗೆ ಅಡ್ಡ ಬರಬಾರದು. ಆಗ ಅವನಿಗೆ ಒಳಗೊಳಗೇ ನಗು ಬಂದಿತ್ತು. ಇದೊಂದು ಪರೀಕ್ಷೆಗೆ ಮಾತ್ರ ತಾನು ಓದಿಕೊಳ್ಳಬೇಕಾಗಿಲ್ಲ ಅನ್ನಿಸಿತ್ತು. ಮೇಡಂ ಅವನಿಗಿಂತ ಚಿಕ್ಕವರು, ಗಿಡ್ಡನೆಯ ಹೆಂಗಸು, ತೋಳು ಮಡಿಸಿದ ಅಂಗಿ, ಹುರಿಗಟ್ಟಿದ ಮುಂಗೈ. ಭಾರೀ ಮೈಯವರನ್ನು ಒಂದೇ ಹಿಡಿತದಲ್ಲಿ ಮಗ್ಗುಲು ಬದಲಿಸುತ್ತಿದ್ದರು. ಒಂದೇ ಸಮನೆ ಮಾತಾಡುತ್ತಿದ್ದರು, ಬೈಯುತ್ತಿದ್ದರು, ಆದರೆ ಕೈ ಮಾತ್ರ ಆ ಮಾತಿಗೆ ಸಂಬಂಧವೇ ಇಲ್ಲದಂತೆ ನಿಧಾನವಾಗಿ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಅವನು ಅದನ್ನೇ ನೋಡುತ್ತ ಕೂತಿರುತ್ತಿದ್ದ.

ಇವತ್ತು ಹಜಾರದಲ್ಲಿ ಇಬ್ಬರೇ. ಕಿಟಕಿಯ ಪಕ್ಕದ ಮಂಚದಲ್ಲಿ ಮಂಡಿಗೆ ಆಪರೇಷನ್ ಆದ ಲಾರಿ ಡ್ರೈವರು. ನಡುವಿನ ಮಂಚದಲ್ಲಿ ಫೋನಜ್ಜಿ. ಅಜ್ಜಿ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಅದಕ್ಕೇ ಆ ಹೆಸರು. ಬಚ್ಚಲಲ್ಲಿ ಬಿದ್ದು ಬಲತೋಳಿನ ಮೂಳೆ ಭುಜದ ಹತ್ತಿರ ಬಿರುಕು ಬಿಟ್ಟಿತ್ತು. ಅದೇನೋ ಕೂಡಿತ್ತು, ಆದರೆ ಅಷ್ಟು ದಿನ ಕತ್ತಿಗೆ ಕಟ್ಟಿದ ಜೋಳಿಗೆಯಲ್ಲಿ ಕೂತ ತೋಳು ಈಗ ಎತ್ತಿದರೆ ಏಳುತ್ತಿರಲಿಲ್ಲ.

"ಬಂದ್ರು ನೋಡಮ್ಮ ಮೂಲೆ ಸಾಹೇಬ್ರು" ಎಂದಳು ಅಜ್ಜಿ. "ಇನ್ನು ನಾನು ಕಿರುಚೋದಕ್ಕೆ ಒಂದು ಸಾಕ್ಷಿ ಆಯ್ತು."

"ಕಿರುಚೋಕೆ ಸಾಕ್ಷಿ ಯಾಕಜ್ಜಿ, ಎರಡು ಬೀದಿ ಆಚೆಗೆ ಕೇಳ್ಸುತ್ತೆ" ಎಂದ ಡ್ರೈವರು.

"ನೀನು ಸುಮ್ನಿರಪ್ಪ. ಮೊನ್ನೆ ಮಂಡಿ ಮಡಿಸು ಅಂದಿದ್ದಕ್ಕೆ ಅಮ್ಮಾ ಅಂದೋನು ಯಾರು, ನಾನಾ?"

ಮೇಡಂ ಕೈ ಒರೆಸಿಕೊಳ್ಳುತ್ತ ಅವನ ಸ್ಟೂಲಿನ ಪಕ್ಕದ ಬೇಸಿನ್ನಿಗೆ ಬಂದರು. ಇದೇ ಸಮಯ. ವಾಕ್ಯ ಗಂಟಲಲ್ಲಿ ಸಾಲುಗಟ್ಟಿ ನಿಂತಿತ್ತು. "ಮೇಡಂ" ಎಂದ. ಅವರು ತಿರುಗಿದರು. "ಶಿಫಾರಸು ಪತ್ರ" ಎಂದ. ಉಳಿದದ್ದೆಲ್ಲ ಎತ್ತಲೋ ಹೋಗಿತ್ತು. "ಶುಕ್ರವಾರ ಕೊನೇ ದಿನ."

ಮೇಡಂ ನಲ್ಲಿ ನಿಲ್ಲಿಸಿದರು. ಟವೆಲ್ಲನ್ನು ಮಡಿಸಿದರು, ಮತ್ತೆ ಬಿಚ್ಚಿದರು. "ನೀವೇ ಕೇಳಲಿ ಅಂತ ಕಾಯ್ತಿದ್ದೆ" ಎಂದರು. "ನಿಜ ಹೇಳ್ಲಾ? ಹೋದ ಭಾನುವಾರ ಬರೆಯೋಕೆ ಕೂತಿದ್ದೆ. ತುಂಬಾ ಹೊತ್ತು ಒಂದು ಸಾಲೂ ಬರಲಿಲ್ಲ. ಒಂದು ದಿನಾನೂ ತಪ್ಪಿಸಿಲ್ಲ, ಸರಿಯಾದ ಹೊತ್ತಿಗೆ ಬರ್ತಾರೆ, ಯಾರಿಗೂ ತೊಂದರೆ ಕೊಡಲ್ಲ ಅಂತ ಬರೆದೆ. ಬರೆದು ನೋಡ್ತೀನಿ, ಅಷ್ಟನ್ನ ಈ ಗೋಡೆ ಗಡಿಯಾರದ ಬಗ್ಗೇನೂ ಬರೀಬಹುದು."

ಅವರು ಕೊಂಕಿನಿಂದ ಹೇಳಿದ್ದಲ್ಲ. ಅದೇ ಹೆಚ್ಚು ನಾಟಿತು. ಅವನು ಮುಗುಳ್ನಕ್ಕ, ಅವಮಾನವಾದಾಗ ಅವನ ಮುಖ ತಾನಾಗಿ ಹಾಗೆ ಮಾಡುತ್ತಿತ್ತು.

"ಮುಟ್ಟಬೇಡಿ ಅಂತ ನೀವೇ..." ಎಂದ.

"ಹೌದು ನಾನೇ ಹೇಳಿದ್ದು. ಆದ್ರೆ ಬೇರೆಯೋರು ಬರ್ತಾರಲ್ಲ, ಎರಡನೇ ದಿನಕ್ಕೆ ನನ್ನ ಪ್ರಾಣ ತಿಂತಾರೆ. ಮೇಡಂ ಅದ್ಯಾಕೆ, ಮೇಡಂ ಇದ್ಯಾಕೆ, ಒಂದ್ಸಲ ಹಿಡೀಲಾ ಮೇಡಂ. ಬೈಯ್ತೀನಿ. ಆದ್ರೆ ಅವರು ಯಾರು ಅಂತ ನಂಗೆ ಗೊತ್ತಾಗುತ್ತೆ. ಕಾಲೇಜಿನವರು ಕೇಳೋದೂ ಅದನ್ನೇ: ರೋಗಿಗಳ ಹತ್ರ ಇವರು ಹೇಗೆ? ನಂಗೆ ಗೊತ್ತಿಲ್ವಲ್ಲ." ಅವರು ಹಜಾರದತ್ತ ನೋಡಿ, ಏನನ್ನೋ ಲೆಕ್ಕ ಹಾಕಿ, ದನಿ ಎತ್ತರಿಸಿದರು. "ಅಜ್ಜೀ, ಇವತ್ತು ಸ್ವಲ್ಪ ಹೊತ್ತು ಇವರು ನಿಮ್ಮ ತೋಳು ಹಿಡ್ಕೊಳ್ಳಲಾ? ನಾನು ಇಲ್ಲೇ ಇರ್ತೀನಿ. ಬೇಡ ಅಂದ್ರೆ ಬೇಡ."

"ಹಿಡೀಲಿ ಬಿಡು. ಗಂಡಸೊಬ್ಬ ಕೈ ಹಿಡಿದು ಯಾವ ಕಾಲವಾಯ್ತೋ" ಎಂದಳು ಅಜ್ಜಿ. ಡ್ರೈವರು ಮಂಡಿ ಮರೆತು ನಕ್ಕ.

ಅವನು ಎದ್ದ. ಸ್ಟೂಲಿನಿಂದ ಮಂಚದವರೆಗಿನ ಜಾಗವನ್ನು ಅವನು ಈ ತನಕ ದಾಟಿಯೇ ಇರಲಿಲ್ಲ. ಕನ್ನಡಿಯಲ್ಲಿ ಯಾರೋ ಒಬ್ಬ ತೆಳ್ಳನೆಯ ಮನುಷ್ಯ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೋಗುತ್ತಿದ್ದ. ಮೇಡಂ ತೋರಿಸಿಕೊಟ್ಟರು: ಒಂದು ಅಂಗೈ ಮೊಣಕೈಯ ಕೆಳಗೆ, ಇನ್ನೊಂದು ಕೈಯಲ್ಲಿ ಮಣಿಕಟ್ಟು. "ಭುಜದ ಮಟ್ಟಕ್ಕೆ ತಂದು ಹಿಡ್ಕೊಂಡಿರಿ, ಅಷ್ಟೇ. ಎಳೀಬೇಡಿ, ತಳ್ಳಬೇಡಿ. ನಾನು ಇವರ ಮಂಡಿ ನೋಡ್ತಿರ್ತೀನಿ." ಅಜ್ಜಿಯ ತೋಳು ಬೆಚ್ಚಗಿತ್ತು, ಚರ್ಮ ಸಡಿಲವಾಗಿ, ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆಯ ಹಾಗೆ ಮೂಳೆಯ ಮೇಲೆ ಜಾರುತ್ತಿತ್ತು. ಅವನು ಎತ್ತಿದ. ಇದು ಅವನಿಗೆ ಗೊತ್ತಿರುವ ಕೆಲಸ. ಭುಜ, ಮೊಣಕೈ, ಮಣಿಕಟ್ಟು ಮೂರೂ ಒಂದೇ ಗೆರೆಗೆ ಬಂದವು. ಮೊಣಕೈ ತುಸು ಒಳಕ್ಕಿತ್ತು, ಸರಿಪಡಿಸಿದ. ಭುಜದ ಗುಂಡು ಬಟ್ಟಲಿನಲ್ಲಿ ಕೂತಿರುವುದು, ಕೂಡಿದ ಬಿರುಕಿನ ಜಾಗ ಬೆಳ್ಳಗೆ ದಪ್ಪಗಾಗಿರುವುದು ಚರ್ಮದ ಹಿಂದೆ ಕಂಡಂತಾಯಿತು. ಕೋನ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ ಒಂದು ಕ್ಷಣ ಅವನಿಗೆ ಅಂಜಿಕೆಯೂ ಹೋಗಿ, ಶುಕ್ರವಾರವೂ ಹೋಗಿ, ಬರೇ ಆ ಗೆರೆ ಉಳಿಯಿತು. "ಅಲ್ಲಾಡಬೇಡಿ" ಎಂದ ಮೆಲ್ಲಗೆ. "ಹಾಗೇ ಇರಿ. ಉಸಿರು ಹಿಡ್ಕೊಳ್ಳಿ." ಎಂದು, ತೋಳನ್ನು ಗಾಳಿಯಲ್ಲಿ ಹಾಗೆಯೇ ಇಟ್ಟು, ಹಿಂದಕ್ಕೆ ಸರಿದು, ಎಕ್ಸ್‌ರೇ ಕೋಣೆಯಲ್ಲಾದರೆ ಗಾಜು ಇರಬೇಕಾದ ಕಡೆಗೆ ತಿರುಗಿದ.

ಕಿರುಚಿದ್ದು ಬೆನ್ನ ಹಿಂದಿನಿಂದ ಕೇಳಿಸಿತು. ಅದು ಅಜ್ಜಿಯ ದಿನದ ತಮಾಷೆಯ ಕಿರುಚಾಟವಾಗಿರಲಿಲ್ಲ. ಚಿಕ್ಕ ದನಿ, ಮಗುವಿನದಂಥದ್ದು. ತಿರುಗಿ ನೋಡಿದರೆ ತೋಳು ತೊಡೆಯ ಮೇಲೆ ಬಿದ್ದಿತ್ತು, ಅಜ್ಜಿ ಎಡಗೈಯಿಂದ ಭುಜವನ್ನು ಅವುಚಿಕೊಂಡು ಮುಂದಕ್ಕೆ ಬಾಗಿದ್ದಳು. ಮೇಡಂ ಆಗಲೇ ಅವಳನ್ನು ಹಿಡಿದಾಗಿತ್ತು.

"ಬಿಟ್ರಾ?" ಎಂದರು ಮೇಡಂ. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ನೋಟವಿತ್ತು. "ಹಿಡ್ಕೊಂಡಿರಿ ಅಂದ್ರೆ ಬಿಟ್ಟು ಎಲ್ಲಿಗೆ ಹೊರಟ್ರಿ ನೀವು?"

ಎಲ್ಲಿಗೆ? ಅವನಿಗೂ ಗೊತ್ತಿರಲಿಲ್ಲ. ಡ್ರೈವರು ಕಣ್ಣು ಬೇರೆ ಕಡೆ ತಿರುಗಿಸಿಕೊಂಡ. ದೊಡ್ಡವನೊಬ್ಬ ಎಲ್ಲರೆದುರು ಜಾರಿ ಬಿದ್ದಾಗ ಜನ ತಿರುಗಿಸಿಕೊಳ್ಳುವ ಹಾಗೆ. "ಸಾರಿ" ಎಂದೇನೋ ಅಂದು ಅವನು ಹಜಾರದಿಂದ ಹೊರಗೆ ಬಂದುಬಿಟ್ಟ.

ಹೊರಗಿನ ಓಣಿಯಲ್ಲಿ ಖಾಲಿ ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು. ಅವನು ಗೋಡೆಗೆ ಒರಗಿದ. ಅಂಗೈಗಳಲ್ಲಿ ಇನ್ನೂ ಅಜ್ಜಿಯ ತೋಳಿನ ಬಿಸಿ ಇತ್ತು, ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ಮುಚ್ಚಿ ತೆರೆದು ಮಾಡಿದ. ಮೂಳೆಗೇನೂ ಆಗಿರಲಾರದು, ಕೂಡಿದ ಮೂಳೆ, ಅಷ್ಟಕ್ಕೆ ಏನಾಗುತ್ತದೆ ಎಂದು ಮನಸ್ಸು ಒಂದು ಕಡೆಯಿಂದ ಸಮಜಾಯಿಷಿ ಕೊಡುತ್ತಿತ್ತು. ಆಸ್ಪತ್ರೆಯಲ್ಲಿ ಅಮ್ಮನ ಕೊನೆಯ ದಿನಗಳು ನೆನಪಾದವು. ಆಗ ಅವನು ದಿಂಬನ್ನು ಎಷ್ಟು ಚೆನ್ನಾಗಿ ಸರಿಪಡಿಸುತ್ತಿದ್ದ. ನರ್ಸುಗಳೂ ಮೆಚ್ಚಿಕೊಂಡಿದ್ದರು. ಕತ್ತಿನ ಕೆಳಗೆ ಒಂದು, ಬೆನ್ನಿಗೆ ಒಂದು, ಹಿಮ್ಮಡಿ ಒತ್ತದ ಹಾಗೆ ಒಂದು. ಸರಿಪಡಿಸಿ, ಬಾಗಿಲಿನ ಆಚೆ ಬಂದು, ಬಾಗಿಲಿನಲ್ಲಿದ್ದ ಚೌಕದ ಗಾಜಿನಿಂದ ನೋಡುತ್ತ ನಿಲ್ಲುತ್ತಿದ್ದ. ಒಳಗೆ ಅಕ್ಕ ಅಮ್ಮನ ಪಾದ ಹಿಡಿದುಕೊಂಡು ಏನೇನೋ ಮಾತಾಡುತ್ತ ಕೂತಿರುತ್ತಿದ್ದಳು, ಊರ ಮೇಲಿನ ಮಾತು, ಅಮ್ಮನಿಗೆ ಕೇಳಿಸುತ್ತಿತ್ತೋ ಇಲ್ಲವೋ. ಅವನು ನೋಡುತ್ತಿದ್ದ. ಎಷ್ಟು ಚೆನ್ನಾಗಿ ನೋಡುತ್ತಿದ್ದನೆಂದರೆ ಅಕ್ಕನಿಗಿಂತ ಮೊದಲು ಅವನಿಗೇ ಗೊತ್ತಾಗಿತ್ತು, ಅಮ್ಮನ ಎದೆ ಏಳುವುದು ನಿಂತದ್ದು. ಗೊತ್ತಾದ ಮೇಲೂ ಅವನು ಗಾಜಿನ ಈಚೆಗೇ ಇದ್ದ. ಅಕ್ಕ ಇನ್ನೂ ಮಾತಾಡುತ್ತಿದ್ದಳು.

ಹೋಗಿಬಿಡಬೇಕು ಅನ್ನಿಸಿತು. ಮಧ್ಯಾಹ್ನದ ಪಾಳಿಗೆ ಇನ್ನೂ ಹೊತ್ತಿತ್ತು, ಆದರೂ ಹೋಗಿ ಎಕ್ಸ್‌ರೇ ಕೋಣೆಯ ತಂಪಿನಲ್ಲಿ ಕೂತುಕೊಳ್ಳಬಹುದಾಗಿತ್ತು. ಅಲ್ಲಿ ಯಾರೂ ಎಲ್ಲಿಗೆ ಹೊರಟೆ ಎಂದು ಕೇಳುವುದಿಲ್ಲ. ಆದರೆ ಬ್ಯಾಗು ಒಳಗಿತ್ತು, ಸ್ಟೂಲಿನ ಕೆಳಗೆ, ಅದರಲ್ಲಿ ಊಟದ ಡಬ್ಬಿ. ಡಬ್ಬಿ ಬಿಟ್ಟು ಹೋದರೆ ಅಕ್ಕ ಕೇಳುತ್ತಾಳೆ. ಒಬ್ಬ ಮನುಷ್ಯ ತನ್ನ ಬದುಕಿನ ಇಂಥ ಹೊತ್ತಿನಲ್ಲಿ ಊಟದ ಡಬ್ಬಿಗಾಗಿ ವಾಪಸು ಹೋಗಬೇಕಾಗಿ ಬಂದದ್ದು ಅವನಿಗೆ ನಗೆಪಾಟಲೆನಿಸಿತು. ಬಾಗಿಲು ತಳ್ಳಿದ.

ಒಳಗೆ ಅಜ್ಜಿ ಮಂಚಕ್ಕೆ ಒರಗಿ ಕೂತಿದ್ದಳು, ಭುಜದ ಮೇಲೆ ಬಿಸಿನೀರಿನ ಚೀಲ. ಮೇಡಂ ಡ್ರೈವರನ ಹತ್ತಿರ. ಅವನು ಸ್ಟೂಲಿನತ್ತ ಹೋಗಿ, ಬಾಗಿ, ಬ್ಯಾಗಿನ ಪಟ್ಟಿ ಹಿಡಿದ. ಹಿಡಿದವನು ಮತ್ತೆ ಬಿಟ್ಟು, ನೆಟ್ಟಗಾಗಿ, ನಡುವಿನ ಮಂಚದ ಹತ್ತಿರ ಹೋದ.

"ತುಂಬಾ ನೋವಾಯ್ತಾ?"

"ಇಲ್ಲಪ್ಪ, ಸಂತೋಷವಾಯ್ತು" ಎಂದಳು ಅಜ್ಜಿ. ಕಣ್ಣಂಚು ಇನ್ನೂ ಒದ್ದೆಯಾಗಿತ್ತು. "ಹಿಡ್ಕೊತೀನಿ ಅಂತ ಬಂದೋನು ಮಧ್ಯದಲ್ಲಿ ಎದ್ದು ಹೋಗೋದಾ? ಏನು, ಬಸ್ಸು ಬಂದಿತ್ತಾ ನಿಂಗೆ?"

"ನಾನು ಎಕ್ಸ್‌ರೇ ತೆಗೆಯೋನು ಅಜ್ಜಿ" ಎಂದ ಅವನು. "ಇಟ್ಟು ಹಿಂದಕ್ಕೆ ಹೋಗೋದೇ ಕೆಲಸ. ಗೊತ್ತಾಗ್ಲೇ ಇಲ್ಲ. ಕೈ ಬಿಟ್ಟಿದ್ದೂ ಗೊತ್ತಾಗ್ಲಿಲ್ಲ."

ಅಜ್ಜಿ ಅವನನ್ನು ನೋಡಿದಳು. ಇಷ್ಟು ದಿನ ಮೂಲೆಯಲ್ಲಿ ಕೂತಿದ್ದವನನ್ನು ಈಗಲೇ ನೋಡುತ್ತಿರುವಂತೆ. "ಹಾಗಾ" ಎಂದಳು. "ನಾನೂ ಅದೇ ಜಾತಿ ಕಣಯ್ಯ. ಇವರ ತಂತಿ ತೆಗ್ದು ಅವರಿಗೆ ಸಿಕ್ಕಿಸೋದು, ಮಾತಾಡಿ ಅನ್ನೋದು, ನಾವು ಸರಕೊಳ್ಳೋದು. ಆ ಕಡೆ ಅಳ್ತಾರೋ, ನಗ್ತಾರೋ. ನಮ್ದೇನಿದ್ರೂ ಅಲ್ಲಿಗೆ ಮುಗೀತು. ಕೆಲಸ ಬಿಟ್ಟ ಮೇಲೂ ಎಷ್ಟೋ ದಿನ ಮನೇಲಿ ಮಕ್ಕಳ ಹತ್ರ ಮಾತು ಶುರು ಮಾಡ್ಸಿ ನಾನೇ ಎದ್ದು ಹೋಗ್ತಿದ್ದೆ. ಸೊಸೆ ಹೇಳಿದ್ಮೇಲೆ ಗೊತ್ತಾಗಿದ್ದು."

ಅವನ ಗಂಟಲಲ್ಲಿ ಈಗ ಯಾವ ವಾಕ್ಯವೂ ಸಾಲು ನಿಂತಿರಲಿಲ್ಲ. "ಇನ್ನೊಂದ್ಸಲ ಹಿಡೀಲಾ?" ಎಂದ.

ಮೇಡಂ ಡ್ರೈವರನ ಮಂಡಿಯಿಂದ ತಲೆ ಎತ್ತಿದರು. "ಬೇಡ" ಎಂದರು. "ಅಜ್ಜಿಗೆ ಇವತ್ತಿಗೆ ಸಾಕು."

"ನನ್ನ ತೋಳು ನಂದಮ್ಮ" ಎಂದಳು ಅಜ್ಜಿ. "ನೋವಾಗೋದು ಆಗೋಯ್ತು. ಹಿಡೀಲಿ. ಈ ಸಲ ಹೋದ್ರೆ ಎಡಗೈ ಚೆನ್ನಾಗೇ ಇದೆ ನಂದು, ಬೀಸಿ ಬಿಡ್ತೀನಿ."

ಮೇಡಂ ಬಂದು ಮಂಚದ ಪಕ್ಕ ನಿಂತರು. ತಮ್ಮ ಕೈಯನ್ನು ಅಜ್ಜಿಯ ಮೊಣಕೈಯ ತೀರ ಹತ್ತಿರ, ಮುಟ್ಟದ ಹಾಗೆ ಇಟ್ಟುಕೊಂಡರು. ಅವನು ತೋಳನ್ನು ಎತ್ತಿದ. ಈ ಸಲ ಗೆರೆ ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ. ತೋಳು ಭುಜದ ಮಟ್ಟಕ್ಕೆ ಬಂತು, ಅಜ್ಜಿ ಹಲ್ಲು ಕಚ್ಚಿದಳು, ಆಮೇಲೆ ಸಡಿಲಿಸಿದಳು. ಅವನು ನಿಂತ. ಮೊದಲ ಕೆಲವು ಉಸಿರುಗಳ ತನಕ ಏನೂ ಇಲ್ಲ. ಆಮೇಲೆ ಹಿಮ್ಮಡಿಯಲ್ಲಿ ಒಂದು ಸೆಳೆತ ಶುರುವಾಯಿತು, ಎತ್ತರದ ಅಂಚಿನಲ್ಲಿ ನಿಂತವನಿಗೆ ಆಗುವಂಥದ್ದು. ಹೋಗು, ಮುಗಿಯಿತಲ್ಲ, ಹೋಗು ಎಂದು ಕಾಲು ಹೇಳುತ್ತಿತ್ತು. ಇಷ್ಟು ಸಣ್ಣ ಕೆಲಸ ಇಷ್ಟು ಕಷ್ಟದ್ದಾಗಿರುತ್ತದೆ ಎಂದು ಮೂಲೆಯಿಂದ ಕಂಡೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೇಡಂ ತಮ್ಮ ಕೈ ತೆಗೆದರು. ಡ್ರೈವರನಿಗೆ ಮಂಡಿ ಮಡಿಸಿ ಬಿಡಿಸಲು ಹೇಳಿ ಬಂದು ಅವನ ಪಕ್ಕ ನಿಂತು, ಅಜ್ಜಿಗೆ ಕೇಳಿಸದಷ್ಟು ಮೆಲ್ಲಗೆ, "ಈ ವರ್ಷ ನಾನು ಬರೆಯಲ್ಲ" ಎಂದರು.

ಅವನು ತೋಳನ್ನೇ ನೋಡುತ್ತಿದ್ದ.

"ಬೇರೆ ಯಾರ ಹತ್ರಾನಾದ್ರೂ ಬರೆಸ್ಕೊಂಡ್ರೆ ನಂದೇನೂ ಅಡ್ಡಿಯಿಲ್ಲ. ಸೀಟೂ ಸಿಗಬಹುದು, ಅಂಕ ಅಷ್ಟು ಚೆನ್ನಾಗಿದೆ. ಆದ್ರೆ ನಾನು ಬರೆದ್ರೆ ಸುಳ್ಳು ಬರೆದ ಹಾಗೆ. ನೀವು ಹೇಗೆ ಅಂತ ನಂಗೆ ಇವತ್ತು ಗೊತ್ತಾಗೋಕೆ ಶುರುವಾಗಿದೆ, ಅಷ್ಟೇ. ಅಷ್ಟರ ಮೇಲೆ ಬರೆಯೋಕಾಗಲ್ಲ."

"ಸರಿ ಮೇಡಂ" ಎಂದ. ಒಂದು ವರ್ಷ. ಅಕ್ಕ ನಗುತ್ತಾಳೆ, ಆಮೇಲೆ ಕೇಳದೆಯೇ ಬಡಿಸುತ್ತಾಳೆ. ಸಂಜೆ ಕಾಲೇಜಿನ ಹುಡುಗ ಹುಡುಗಿಯರು ಸೇರಿಕೊಂಡು ಮುಂದಕ್ಕೆ ಹೋಗಿರುತ್ತಾರೆ. ಅಂಕಗಳಿಗೆ ಇನ್ನೊಂದು ವರ್ಷ ವಯಸ್ಸಾಗಿರುತ್ತದೆ. ಇದೆಲ್ಲ ಒಂದರ ಹಿಂದೊಂದು ಬಂದು ಅವನನ್ನು ಮುಟ್ಟಿ ಹೋಯಿತು. ಕುಸಿದು ಕೂರಬೇಕೆನ್ನಿಸಿತು; ಆದರೆ ಕೂರುವಂತಿರಲಿಲ್ಲ, ಎರಡೂ ಕೈ ತುಂಬಿತ್ತು.

"ನೀವು ಹೊರಡೋದಾದ್ರೆ ಹೊರಡಿ" ಎಂದರು ಮೇಡಂ. ಅವರ ದನಿಯಲ್ಲಿ ಈಗ ಮೊದಲಿಲ್ಲದ ಮೃದುತನವಿತ್ತು. "ಕೊಡಿ, ನಾನು ಹಿಡ್ಕೊತೀನಿ."

"ಸ್ವಲ್ಪ ಹೊತ್ತು ಇರ್ತೀನಿ" ಎಂದ.

ಅವರು ಅವನ ಮುಖವನ್ನೊಮ್ಮೆ ನೋಡಿ ಡ್ರೈವರನ ಕಡೆಗೆ ಹೋದರು. ಹಜಾರದಲ್ಲಿ ಮಂಡಿಯ ಕೆಳಗಿನ ರೆಕ್ಸಿನ್ ಕಿರ್ರೆನ್ನುವ ಸದ್ದು, ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋಗುವ ಸದ್ದು. ಅಜ್ಜಿ ತಲೆಯನ್ನು ದಿಂಬಿಗೆ ಆನಿಸಿ ಕಣ್ಣು ಮುಚ್ಚಿದ್ದಳು. ತುಟಿ ಸ್ವಲ್ಪ ತೆರೆದಿತ್ತು. ಹಾಗೇ ನಿಂತಿರುವಾಗ ಅವನ ಅಂಗೈಯಲ್ಲಿ ತೋಳು ಭಾರವಾಗತೊಡಗಿತು. ತನಗೇ ದಣಿವಾಗಿರಬೇಕು ಎಂದುಕೊಂಡು ಭುಜಗಳನ್ನು ಸಡಿಲಿಸಿ ನೋಡಿದ. ಭಾರ ಇನ್ನೂ ಹೆಚ್ಚಾಯಿತು. ನಿಧಾನವಾಗಿ, ಒಂದೊಂದು ಉಸಿರಿಗೂ ಒಂದಿಷ್ಟು, ನೀರು ತುಂಬುವ ಕೊಡದ ಹಾಗೆ. ಮೇಡಂಗೆ ಹೇಳಬೇಕೇ, ಏನಾದರೂ ತಪ್ಪಾಯಿತೇ ಎಂದು ಗಾಬರಿಯಿಂದ ಅಜ್ಜಿಯ ಮುಖ ನೋಡಿದ. ಅಲ್ಲಿ ನೋವಿರಲಿಲ್ಲ. ಆಗ ಅವನಿಗೆ ತಿಳಿಯಿತು, ಇಷ್ಟು ಹೊತ್ತೂ ತಾನು ಹಿಡಿದದ್ದು ಅರ್ಧ ಮಾತ್ರ. ಉಳಿದರ್ಧವನ್ನು ಅಜ್ಜಿ, ಇವನು ಯಾವಾಗ ಬಿಟ್ಟುಹೋಗುತ್ತಾನೋ ಎಂದು, ಆ ನೋಯುವ ಭುಜದಿಂದ ತಾನೇ ಎತ್ತಿಕೊಂಡಿದ್ದಳು. ಈಗ ಅದನ್ನೂ ಕೊಡುತ್ತಿದ್ದಳು.

ಅವನಿಗೆ ಭಯವಾಯಿತು. ತೋಳುಗಳು ನಡುಗತೊಡಗಿದ್ದವು. ಆ ನಡುಕ ಅಜ್ಜಿಗೆ ತಾಗದಿರಲೆಂದು ಮಂಚದ ಅಂಚಿಗೆ ಸೊಂಟ ಆನಿಸಿ, ಮೊಣಕೈಯ ಕೆಳಗಿನ ಅಂಗೈಯನ್ನು ಇನ್ನಷ್ಟು ಅಗಲ ಮಾಡಿಕೊಂಡ.